ಪರ್ಸಿ ಕಲ್ಲಿನ ಊರಿನಲ್ಲಿ ವಿಜ್ಞಾನದ ಪಾಠ

(ರಾವೂರಿನಲ್ಲಿ ಶಿಕ್ಷಕರ ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆರು, ಏಳು ಮತ್ತು ಎಂಟನೆಯ ತರಗತಿಯ ಮಕ್ಕಳಿಗೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಪಾಠಗಳನ್ನು ಹೇಗೆ ಕಲಿಸಬೇಕು ಎಂಬ ವಿಷಯದ ಮೇಲೆ ಮಾತನಾಡಲು ತಾವು ನನಗೆ ಹೇಳಿದ್ದೀರಿ. ಹೈಸ್ಕೂಲು, ಕಾಲೇಜುಗಳನ್ನು ಬಿಟ್ಟು ಈ ಮೂರು ತರಗತಿಗಳನ್ನೇ ಏಕೆ ಆರಿಸಿಕೊಳ್ಳಬೇಕು ಎಂದು ಕೆಲವರು ಕೇಳಬಹುದು. ಅದಕ್ಕೆ ಕಾರಣವಿದೆ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೆಯ ತರಗತಿಯವರೆಗೆ, ಶಿಕ್ಷಣವನ್ನು ಕಡ್ಡಾಯ ಮಾಡಿದೆ. ಅದರ ಮುಂದೆ ಏನಾಗುತ್ತದೆ ಎಂಬುದು ಇಲ್ಲಿ ಕುಳಿತವರಿಗೆಲ್ಲ ಗೊತ್ತಿದೆ. ಹುಡುಗ ಕಲ್ಲಿನ ಗಣಿಗೋ ಪಾಲಿಶ್ ಯಂತ್ರದ ಕೆಲಸಕ್ಕೋ ಗ್ಯಾರೇಜಿಗೋ ಹೋಗುತ್ತಾನೆ. ಹುಡುಗಿಯನ್ನು ಮನೆಯಲ್ಲಿ ಕೂಡಿಸುತ್ತಾರೆ. ಹೀಗೆ ಶಾಲೆ ಬಿಡುವ ಮಗುವಿನ ಪಾಲಿಗೆ ಈ ಮೂರು ವರ್ಷಗಳಲ್ಲಿ ಕಲಿತದ್ದೇ ಜೀವಮಾನದ ವಿಜ್ಞಾನ. ಮುಂದೆ ಓದುವ ಮಗುವಿಗೂ ಅಡಿಪಾಯ ಇಲ್ಲಿಯೇ ಬೀಳಬೇಕು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇಕಡಾ 42.43 ಫಲಿತಾಂಶದೊಂದಿಗೆ ರಾಜ್ಯದ ಪಟ್ಟಿಯ ಕೊನೆಯಲ್ಲಿತ್ತು. ಹತ್ತನೆಯ ತರಗತಿಯ ಕೊನೆಯ ಮೂರು ತಿಂಗಳು ವಿಶೇಷ ತರಗತಿ ನಡೆಸಿ ಈ ಕೊರತೆಯನ್ನು ತುಂಬುವುದು ಕಷ್ಟ. ಆರನೆಯ ತರಗತಿಯಲ್ಲಿ ಬಿಟ್ಟುಹೋದದ್ದನ್ನು ಆರನೆಯ ತರಗತಿಯಲ್ಲಿಯೇ ಸರಿಪಡಿಸಬೇಕು.

ಈಗ ಪಾಠ ಹೇಗೆ ನಡೆಯುತ್ತದೆ? ಶಿಕ್ಷಕರು ಪುಸ್ತಕ ಓದಿಸುತ್ತಾರೆ, ವ್ಯಾಖ್ಯೆಯ ಕೆಳಗೆ ಗೆರೆ ಎಳೆಸುತ್ತಾರೆ, ಪ್ರಶ್ನೋತ್ತರ ಬರೆಸುತ್ತಾರೆ. ಮಗು ಅದನ್ನು ಬಾಯಿಪಾಠ ಮಾಡುತ್ತದೆ. "ಸಾಂದ್ರತೆ ಎಂದರೇನು?" ಎಂದು ಕೇಳಿದರೆ "ಏಕಮಾನ ಗಾತ್ರದ ದ್ರವ್ಯರಾಶಿಗೆ ಸಾಂದ್ರತೆ ಎನ್ನುವರು" ಎಂದು ತಡವರಿಸದೆ ಹೇಳುತ್ತದೆ. ಅದೇ ಮಗುವಿಗೆ ಒಂದು ಕಲ್ಲು, ಒಂದು ಕಬ್ಬಿಣದ ತುಂಡು ಕೊಟ್ಟು "ಇವೆರಡರಲ್ಲಿ ಯಾವುದರ ಸಾಂದ್ರತೆ ಹೆಚ್ಚು, ತೋರಿಸು" ಎಂದರೆ ಸುಮ್ಮನಾಗುತ್ತದೆ. ಇದರಲ್ಲಿ ಮಗುವಿನ ತಪ್ಪಿಲ್ಲ. ವಸ್ತುವನ್ನು ತೋರಿಸುವ ಮೊದಲೇ ನಾವು ಅದಕ್ಕೆ ಹೆಸರನ್ನು ಕೊಟ್ಟುಬಿಟ್ಟಿದ್ದೇವೆ.

ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು. ಮೊದಲು ವಸ್ತು ಕೈಗೆ ಬರಲಿ, ನಂತರ ಅಳತೆಯಾಗಲಿ, ವ್ಯಾಖ್ಯೆ ಕೊನೆಗೆ ಬರಲಿ. ನಮ್ಮ ಭಾಗದಲ್ಲಿ ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ರಾವೂರು, ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಸುತ್ತಮುತ್ತ ಅಲ್ಲಾಹನು ಕೊಟ್ಟಿರುವ ಸಾಮಗ್ರಿಯೇ ಸಾಕಷ್ಟಿದೆ. ಕೆಲವು ಉದಾಹರಣೆಗಳನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು ನಮ್ಮ ಪರ್ಸಿ ಕಲ್ಲು. ಹೊರಗಿನವರು ಇದನ್ನು ಶಹಾಬಾದಿ ಕಲ್ಲು ಎಂದು ದುಡ್ಡು ಕೊಟ್ಟು ಒಯ್ಯುತ್ತಾರೆ. ನಮ್ಮ ಮಕ್ಕಳಿಗೆ ಅದರ ಚೂರುಗಳು ರಸ್ತೆಯ ಬದಿಯಲ್ಲಿಯೇ ಸಿಗುತ್ತವೆ. ಅಂಗೈ ಅಗಲದ ಒಂದು ಚೂರನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿರಿ. 265 ಗ್ರಾಂ ಬಂತೆಂದು ಇಟ್ಟುಕೊಳ್ಳಿ. ಅಳತೆಯ ಗೆರೆ ಇರುವ ಜಾಡಿಯಲ್ಲಿ ನೀರು ಹಾಕಿ, ದಾರ ಕಟ್ಟಿ ಕಲ್ಲನ್ನು ಅದರಲ್ಲಿ ಮುಳುಗಿಸಿರಿ. ನೀರು ಸುಮಾರು 100 ಮಿಲಿಲೀಟರ್ ಮೇಲೇರುತ್ತದೆ. ಒಂದು ಘನ ಸೆಂಟಿಮೀಟರ್ ಕಲ್ಲಿನ ತೂಕ 2.65 ಗ್ರಾಂ ಎಂದು ಮಗುವೇ ಲೆಕ್ಕ ಮಾಡಲಿ. ಅಷ್ಟೇ ತೂಕದ ಕಬ್ಬಿಣದ ಬೋಲ್ಟುಗಳನ್ನು ಮುಳುಗಿಸಿದರೆ ನೀರು ಸುಮಾರು 34 ಮಿಲಿಲೀಟರ್ ಮಾತ್ರ ಏರುತ್ತದೆ. ಏಕೆ ಎಂದು ಕೇಳಿರಿ. ಇಷ್ಟಾದ ಮೇಲೆ ಕಪ್ಪು ಹಲಗೆಯ ಮೇಲೆ "ಸಾಂದ್ರತೆ" ಎಂದು ಬರೆದರೆ ಆ ಶಬ್ದ ಮಗುವಿನದಾಗುತ್ತದೆ.

ಇಲ್ಲಿಗೇ ನಿಲ್ಲಿಸಬೇಡಿರಿ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಇಂಚು ದಪ್ಪದ ಪರ್ಸಿಯ ತೂಕವನ್ನು ತೂಗದೆಯೇ ಹೇಳಿ ಎಂದು ಕೇಳಿರಿ. 61 ಸೆಂಟಿಮೀಟರ್, 61 ಸೆಂಟಿಮೀಟರ್ ಮತ್ತು 2.5 ಸೆಂಟಿಮೀಟರ್ ಗುಣಿಸಿದರೆ ಸುಮಾರು 9,300 ಘನ ಸೆಂಟಿಮೀಟರ್. ಅದನ್ನು 2.65ರಿಂದ ಗುಣಿಸಿದರೆ ಸುಮಾರು 24 ಕಿಲೋ 600 ಗ್ರಾಂ. ಈಗ ಒಂದು ಪರ್ಸಿಯನ್ನು ದೊಡ್ಡ ತಕ್ಕಡಿಯ ಮೇಲೆ ಇಡಿಸಿರಿ. ತಾನು ಹಾಳೆಯ ಮೇಲೆ ಬರೆದದ್ದು ತಕ್ಕಡಿಯ ಹತ್ತಿರ ಬಂದಾಗ ಮಗುವಿನ ಮುಖ ನೋಡಿರಿ. ದಿನವೂ ಪರ್ಸಿ ಹೊರುವ ತಂದೆಗೆ ಅಂದಾಜಿನಿಂದ ಗೊತ್ತಿದ್ದ ತೂಕವನ್ನು ಮಗ ಲೆಕ್ಕದಿಂದ ಹೇಳಬಲ್ಲ. ತಂದೆಯ ಕೆಲಸವನ್ನು ಕೀಳೆಂದು ನೋಡುವ ಬದಲು ಅದರಲ್ಲಿಯೂ ವಿದ್ಯೆ ಇದೆ ಎಂದು ಅವನಿಗೆ ತಿಳಿಯುತ್ತದೆ.

ಶಿಕ್ಷಕ ಬಂಧುಗಳಿಗೆ ಇಲ್ಲಿ ಒಂದು ವಿನಂತಿ. ಐದು ಗುಂಪುಗಳಿಗೆ ಈ ಪ್ರಯೋಗ ಕೊಟ್ಟರೆ ಐದು ಉತ್ತರ ಬರುತ್ತವೆ. ಒಬ್ಬರದು 2.4, ಇನ್ನೊಬ್ಬರದು 2.7, ಮತ್ತೊಬ್ಬರದು 3.1. ಆಗ ಪುಸ್ತಕದ ಅಂಕಿಯನ್ನು ಹೇಳಿ ಉಳಿದವರನ್ನು ಬೈಯಬೇಡಿರಿ. "ನಿಮ್ಮದು ಏಕೆ ಬೇರೆಯಾಯಿತು? ಕಣ್ಣನ್ನು ನೀರಿನ ಮಟ್ಟಕ್ಕೆ ಇಟ್ಟು ನೋಡಿದಿರಾ? ಕಲ್ಲಿಗೆ ಗಾಳಿಯ ಗುಳ್ಳೆ ಅಂಟಿತ್ತೇ? ಕಲ್ಲು ಪೂರ್ತಿ ಮುಳುಗಿತ್ತೇ?" ಎಂದು ಕೇಳಿರಿ. ಮತ್ತೆ ಅಳೆಯಲಿ. ಬಂದ ಅಂಕಿಯನ್ನು ಬಚ್ಚಿಡದೆ ಬರೆಯುವುದು, ಸಂಶಯ ಬಂದರೆ ಮತ್ತೆ ಅಳೆಯುವುದು, ಇದು ವಿಜ್ಞಾನದ ಮೊದಲ ಶಿಸ್ತು. ಪ್ರಾಮಾಣಿಕತೆಯ ಪಾಠವೂ ಇದರಲ್ಲಿಯೇ ಇದೆ.

ಎರಡನೆಯದು ಸುಣ್ಣ. ನಮ್ಮ ಪರ್ಸಿ ಸುಣ್ಣದ ಕಲ್ಲೇ. ಅದರ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೋನೇಟ್. ಕಲ್ಲಿನ ಪುಡಿಯ ಮೇಲೆ ನಿಂಬೆ ರಸ ಹಿಂಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಯಲ್ಲಿರುವುದು ಕಾರ್ಬನ್ ಡೈ ಆಕ್ಸೈಡ್. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದೇ ಅನಿಲ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಒಂದು ಕಿಲೋ ಶುದ್ಧ ಸುಣ್ಣದ ಕಲ್ಲಿನಿಂದ 560 ಗ್ರಾಂ ಸುಟ್ಟ ಸುಣ್ಣ ಬರುತ್ತದೆ. "ಉಳಿದ 440 ಗ್ರಾಂ ಎಲ್ಲಿ ಹೋಯಿತು?" ಎಂದು ಏಳನೆಯ ತರಗತಿಯಲ್ಲಿ ಕೇಳಿರಿ. ಮಕ್ಕಳು ಸುಟ್ಟುಹೋಯಿತು, ಬೂದಿಯಾಯಿತು ಎನ್ನುತ್ತಾರೆ. ಅನಿಲಕ್ಕೂ ತೂಕವಿದೆ ಎಂಬ ವಿಚಾರ ಅವರಿಗೆ ಅಲ್ಲಿ ಹೊಳೆಯಬೇಕು. ವಾಡಿಯ ಸಿಮೆಂಟ್ ಕಾರ್ಖಾನೆಯ ಭಟ್ಟಿಯಲ್ಲಿಯೂ ಆಗುವುದು ಮೊದಲು ಇದೇ ಕ್ರಿಯೆ. ನಂತರ ಸುಮಾರು 1,450 ಡಿಗ್ರಿವರೆಗೆ ಕಾಯಿಸಿ ಕ್ಲಿಂಕರ್ ಮಾಡುತ್ತಾರೆ. ಕಿಟಕಿಯಿಂದ ಕಾಣುವ ಚಿಮಣಿಯನ್ನು ತೋರಿಸಿ ಭೌತ ಬದಲಾವಣೆ, ರಾಸಾಯನಿಕ ಬದಲಾವಣೆಗಳ ವ್ಯತ್ಯಾಸ ಹೇಳಬಹುದು. ಕಲ್ಲು ಒಡೆದರೆ ಕಲ್ಲೇ, ಸುಟ್ಟರೆ ಬೇರೆ ವಸ್ತು.

ಪಾನ್ ಅಂಗಡಿಯ ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಕಲಸಿ ರಾತ್ರಿ ಇಟ್ಟರೆ ಬೆಳಿಗ್ಗೆ ಮೇಲೆ ತಿಳಿನೀರು ನಿಲ್ಲುತ್ತದೆ. ಅದನ್ನು ಬಸಿದು ಗ್ಲಾಸಿಗೆ ಹಾಕಿ, ಕೊಳವೆಯಿಂದ ಊದಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಉಸಿರಿನ ಅನಿಲ ಸೇರಿ ಮತ್ತೆ ಅದೇ ಕ್ಯಾಲ್ಸಿಯಂ ಕಾರ್ಬೋನೇಟ್ ಆಯಿತು. ಭಟ್ಟಿಯಲ್ಲಿ ಹೊರಟುಹೋದ ಅನಿಲ ಗ್ಲಾಸಿನಲ್ಲಿ ವಾಪಸು ಬಂತು. ಅರಿಶಿಣಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ಮನೆಯಲ್ಲಿ ಎಲ್ಲರೂ ನೋಡಿದ್ದೇ. ಅರಿಶಿಣದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಮೇಲೆ ಸಾಬೂನು, ಸೋಡಾ, ನಿಂಬೆ, ಹುಣಸೆಹುಳಿಗಳನ್ನು ಪರೀಕ್ಷಿಸಿದರೆ ಪ್ರತ್ಯಾಮ್ಲ ಯಾವುದು ಎಂದು ಗೊತ್ತಾಗುತ್ತದೆ. ನಮ್ಮ ಭಾಗದ ಬಾವಿ, ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದಕ್ಕೂ ನಿಂಬೆ ರಸ ಹಾಕಿ ನೋಡಲಿ. ಅಲ್ಲಿಯೂ ಗುಳ್ಳೆ ಏಳುತ್ತದೆ. ಗಡಸು ನೀರು ಎಂದರೇನು, ಸಾಬೂನು ಏಕೆ ನೊರೆ ಬಿಡುವುದಿಲ್ಲ ಎಂಬುದನ್ನು ಅಡುಗೆಮನೆಯಲ್ಲಿರುವ ಅಮ್ಮಿಗೆ ಮಗಳೇ ತಿಳಿಸಿ ಹೇಳಬಲ್ಲಳು.

ಒಂದು ಎಚ್ಚರಿಕೆಯ ಮಾತು. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕುದಿಯುತ್ತದೆ, ಸಿಡಿಯುತ್ತದೆ. ಅದನ್ನು ಮಕ್ಕಳ ಕೈಗೆ ಎಂದೂ ಕೊಡಬಾರದು. ತಿಳಿನೀರಿನ ಪ್ರಯೋಗದಲ್ಲಿಯೂ ಊದಬೇಕೇ ಹೊರತು ಹೀರಬಾರದು. ಸುಣ್ಣ ಕಣ್ಣಿಗೆ ಬಿದ್ದರೆ ತಡಮಾಡದೆ ಬಹಳಷ್ಟು ನೀರಿನಿಂದ ತೊಳೆದು ವೈದ್ಯರ ಬಳಿ ಕರೆದೊಯ್ಯಬೇಕು.

ಮೂರನೆಯದು ರೈಲು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದ ರೈಲು ಮಾರ್ಗ 1874ರಲ್ಲಿ ಆರಂಭವಾಯಿತು. ಅಂದಿನಿಂದ ವಾಡಿ ಜಂಕ್ಷನ್ ಎಂದು ಹೆಸರಾಗಿದೆ. ಮಕ್ಕಳನ್ನು ಹಳಿಯ ಹತ್ತಿರ ಕರೆದೊಯ್ಯುವುದು ಬೇಡ. ರೈಲಿನಲ್ಲಿ ಕಲಬುರಗಿಗೋ ಸೇಡಂಗೋ ಹೋಗುವಾಗ ಕಿಟಕಿಯಿಂದ ಕಿಲೋಮೀಟರ್ ಕಲ್ಲುಗಳನ್ನು ನೋಡಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಎಂದು ಗಡಿಯಾರದಲ್ಲಿ ಎಣಿಸಲಿ. 60 ಸೆಕೆಂಡಾದರೆ ಗಂಟೆಗೆ 60 ಕಿಲೋಮೀಟರ್, 45 ಸೆಕೆಂಡಾದರೆ 80 ಕಿಲೋಮೀಟರ್. ಜವದ ಲೆಕ್ಕ ಇದಕ್ಕಿಂತ ಸುಲಭವಾಗಿ ಬೇರೆಲ್ಲಿ ಸಿಗುತ್ತದೆ?

ಉಷ್ಣದಿಂದ ಲೋಹ ಹಿಗ್ಗುವುದಕ್ಕೂ ರೈಲು ಹಳಿಯೇ ಉದಾಹರಣೆ. ಉಕ್ಕಿನ ಹಳಿ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಒಂದು ಕಿಲೋಮೀಟರ್ ಉದ್ದಕ್ಕೆ ಸುಮಾರು 12 ಮಿಲಿಮೀಟರ್ ಹಿಗ್ಗಲು ನೋಡುತ್ತದೆ. 30 ಡಿಗ್ರಿ ಏರಿದರೆ 36 ಸೆಂಟಿಮೀಟರ್. ಹಿಂದೆ ಹಳಿಗಳ ನಡುವೆ ಸಂದು ಬಿಡುತ್ತಿದ್ದುದು ಇದಕ್ಕೇ. ಆ ಸಂದಿನಿಂದಲೇ ಖಟಖಟ ಸದ್ದು ಬರುತ್ತಿತ್ತು. ಈಗ ಉದ್ದುದ್ದ ಹಳಿಗಳನ್ನು ಬೆಸೆದು, ಸ್ಲೀಪರ್ ಮತ್ತು ಜಲ್ಲಿಯಿಂದ ಬಿಗಿಯಾಗಿ ಹಿಡಿಯುತ್ತಾರೆ. ಹಾಗಾಗಿ ಆ ಸದ್ದು ಬಹುಮಟ್ಟಿಗೆ ಕಡಿಮೆಯಾಗಿದೆ. ತರಗತಿಯಲ್ಲಿ ಇದನ್ನು ತೋರಿಸಲು ಉಪ್ಪಿನಕಾಯಿ ಬಾಟಲಿಯ ಬಿಗಿಯಾದ ಲೋಹದ ಮುಚ್ಚಳ ಸಾಕು. ಅದರ ಮೇಲೆ ಬಿಸಿ ನೀರು ಸುರಿದರೆ ಸಡಿಲಾಗುತ್ತದೆ.

ಗಣಿಯಲ್ಲಿ ಸ್ಫೋಟವಾದಾಗ ದೂರದಿಂದ ಮೊದಲು ಧೂಳು ಕಾಣುತ್ತದೆ, ಆಮೇಲೆ ಸದ್ದು ಕೇಳುತ್ತದೆ. ಎರಡರ ನಡುವೆ ಮೂರು ಸೆಕೆಂಡಾದರೆ ಸ್ಥಳ ಸುಮಾರು ಒಂದು ಕಿಲೋಮೀಟರ್ ದೂರವಿದೆ ಎಂದು ತಿಳಿಯಬೇಕು. ಮಿಂಚು, ಗುಡುಗಿಗೂ ಇದೇ ಲೆಕ್ಕ.

ನಾಲ್ಕನೆಯದು ನಮ್ಮ ಬಿಸಿಲು. ಬಿಸಿಲನ್ನು ದೂರುವುದು ನಮಗೆ ರೂಢಿ. ಆದರೆ ನಮ್ಮ ಊರು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ವರ್ಷಕ್ಕೆ ಎರಡು ದಿನ, ಮೇ 8 ಮತ್ತು ಆಗಸ್ಟ್ 4ರ ಆಸುಪಾಸಿನಲ್ಲಿ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ದಿಲ್ಲಿಯ ಮಕ್ಕಳು ತಮ್ಮ ಊರಿನಲ್ಲಿ ಇದನ್ನು ಎಂದೂ ನೋಡಲಾರರು. ಮೇ ತಿಂಗಳು ರಜೆ ಇರುತ್ತದೆ, ಆಗಸ್ಟಿನಲ್ಲಿ ಶಾಲೆ ಇರುತ್ತದೆ. ಮೋಡವಿಲ್ಲದಿದ್ದರೆ ಮಧ್ಯಾಹ್ನ 12 ಗಂಟೆ 28 ನಿಮಿಷದ ಸುಮಾರಿಗೆ ಮಕ್ಕಳನ್ನು ಅಂಗಳಕ್ಕೆ ಕರೆತನ್ನಿರಿ. ನಡುಮಧ್ಯಾಹ್ನ ಗಡಿಯಾರದ 12ಕ್ಕೇ ಏಕೆ ಆಗಲಿಲ್ಲ ಎಂದು ಒಂದು ಮಗುವಾದರೂ ಕೇಳುತ್ತದೆ. ಆ ಪ್ರಶ್ನೆಯಿಂದ ಭೂಗೋಳದ ಪಾಠವೂ ಆರಂಭವಾಗುತ್ತದೆ.

ಬೆಳಕಿನ ಮಾತು ಬಂದಾಗ ಇಬ್ನುಲ್ ಹೈಸಮ್ ಅವರನ್ನು ನೆನೆಯಬೇಕು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಅವರು ಹನ್ನೊಂದನೆಯ ಶತಮಾನದಲ್ಲಿ 'ಕಿತಾಬುಲ್ ಮನಾಝಿರ್' ಎಂಬ ಬೆಳಕಿನ ಶಾಸ್ತ್ರದ ಗ್ರಂಥ ಬರೆದರು. ನಮ್ಮ ಸಭೆಗಳಲ್ಲಿ ಅವರ ಹೆಸರು ಹೇಳಿ ಹೆಮ್ಮೆ ಪಡುತ್ತೇವೆ. ಆದರೆ ಅವರು ಮಾಡಿದ್ದೇನು ಎಂದು ಮಕ್ಕಳಿಗೆ ತೋರಿಸುವುದಿಲ್ಲ. ಕತ್ತಲೆ ಕೋಣೆಯ ಸಣ್ಣ ರಂಧ್ರದ ಎದುರು ಹಲವು ದೀಪಗಳನ್ನು ಇಟ್ಟರೆ ಒಳಗಿನ ಗೋಡೆಯ ಮೇಲೆ ಅಷ್ಟೇ ಬೆಳಕಿನ ಮಚ್ಚೆಗಳು ಬೀಳುತ್ತವೆ. ಒಂದು ದೀಪವನ್ನು ಮುಚ್ಚಿದರೆ ಅದರ ಮಚ್ಚೆ ಮಾತ್ರ ಮಾಯವಾಗುತ್ತದೆ. ಬೆಳಕು ನೇರವಾಗಿ ಚಲಿಸುತ್ತದೆ, ರಂಧ್ರದಲ್ಲಿ ಒಂದು ಬೆಳಕು ಇನ್ನೊಂದರೊಡನೆ ಬೆರೆತುಹೋಗುವುದಿಲ್ಲ ಎಂದು ಅವರು ಹೀಗೆ ಪರೀಕ್ಷಿಸಿ ತೋರಿಸಿದರು. ಮೂರು ಮೇಣದ ಬತ್ತಿ, ರಂಧ್ರ ಮಾಡಿದ ಒಂದು ರಟ್ಟು, ಒಂದು ಬಿಳಿ ಕಾಗದ, ಇಷ್ಟಿದ್ದರೆ ಎಂಟನೆಯ ತರಗತಿಯಲ್ಲಿ ಇದನ್ನು ಮಾಡಬಹುದು. ಅವರಿಗೆ ನಾವು ಸಲ್ಲಿಸುವ ಗೌರವ ಅದೇ.

ಬಂಧುಗಳೆ, ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಅನೇಕ ಮಕ್ಕಳ ಮನೆಮಾತು ದಖನಿ. ಉರ್ದು ಮಾಧ್ಯಮದಲ್ಲಿ ಏಳೆಂಟು ವರ್ಷ ಓದಿ ಹೈಸ್ಕೂಲಿಗೆ ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವವರೂ ಇದ್ದಾರೆ. ಉರ್ದುವಿನಲ್ಲಿ 'ಕಸಾಫತ್' ಎಂದು ಕಲಿತದ್ದು ಕನ್ನಡದಲ್ಲಿ 'ಸಾಂದ್ರತೆ', ಇಂಗ್ಲಿಷಿನಲ್ಲಿ 'ಡೆನ್ಸಿಟಿ'. 'ರಗಡ್' ಎಂಬುದು 'ಘರ್ಷಣೆ', 'ಫ್ರಿಕ್ಷನ್'. 'ದಬಾವ್' ಎಂಬುದು 'ಒತ್ತಡ', 'ಪ್ರೆಷರ್'. ಬರಿಯ ಶಬ್ದವನ್ನು ಬಾಯಿಪಾಠ ಮಾಡಿದ ಮಗು ಮಾಧ್ಯಮ ಬದಲಾದಾಗ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗುತ್ತದೆ. ಕಲ್ಲನ್ನು ನೀರಿನಲ್ಲಿ ಮುಳುಗಿಸಿ ಅಳೆದ ಮಗು ಹೊಸ ಹೆಸರನ್ನಷ್ಟೇ ಕಲಿತರೆ ಸಾಕು. ಕನ್ನಡ ಮಾಧ್ಯಮದ ಮಗುವಿಗೂ 'ಸಾಂದ್ರತೆ' ಮನೆಯಲ್ಲಿ ಕೇಳಿದ ಮಾತಲ್ಲ. ಈ ಕಷ್ಟ ಎಲ್ಲರದೂ ಹೌದು. ಪ್ರತಿ ತರಗತಿಯ ಗೋಡೆಯ ಮೇಲೆ ಮೂರು ಕಾಲಂಗಳ ಒಂದು ಪಟ್ಟಿ ಹಾಕಿರಿ. ಪ್ರಯೋಗ ಮುಗಿದ ದಿನವೇ ಮೂರು ಭಾಷೆಯ ಹೆಸರುಗಳನ್ನು ಮಕ್ಕಳ ಕೈಯಿಂದಲೇ ಬರೆಸಿರಿ.

ಇದು ಅಂಕಗಳ ಪ್ರಶ್ನೆ ಮಾತ್ರವಲ್ಲ, ಮಕ್ಕಳ ಜೀವದ ಪ್ರಶ್ನೆಯೂ ಹೌದು. ಕೆಲಸ ನಿಂತ ಹಳೆಯ ಗಣಿಗಳಲ್ಲಿ ನೀರು ತುಂಬಿರುತ್ತದೆ. ಬೇಸಿಗೆಯಲ್ಲಿ ಮಕ್ಕಳು ಈಜಲು ಹೋಗುತ್ತಾರೆ. ಕೆರೆಯ ದಂಡೆಯಂತೆ ಅಲ್ಲಿ ಇಳಿಜಾರಿಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಆಳ. ಗೋಡೆಯಂತಹ ಅಂಚಿನಲ್ಲಿ ಪಾಚಿ ಕಟ್ಟಿದ್ದರೆ ಕೈಗೆ, ಕಾಲಿಗೆ ಹಿಡಿತ ಸಿಗುವುದಿಲ್ಲ. ಘರ್ಷಣೆಯ ಪಾಠ ಮಾಡುವಾಗ ಇದನ್ನು ಹೇಳಿರಿ. ಕಲ್ಲು ಕೊಯ್ಯುವ ಯಂತ್ರದ ಮೇಲೆ ನೀರು ಏಕೆ ಬೀಳುತ್ತದೆ? ಗಾಲಿಯ ಬಿಸಿ ತಣಿಸಲು ಮತ್ತು ಧೂಳು ಏಳದಂತೆ ಮಾಡಲು. ನೀರು ನಿಂತಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ನಾಳೆ ಆ ಯಂತ್ರದ ಮುಂದೆ ನಿಲ್ಲುವ ಹುಡುಗನಿಗೆ ಇದು ಎಂಟನೆಯ ತರಗತಿಯಲ್ಲಿಯೇ ತಿಳಿದಿರಬೇಕು. ತಲೆಯ ಮೇಲೆ ಹೊರೆ ಹೊರುವವರು ಸಿಂಬಿ ಏಕೆ ಇಟ್ಟುಕೊಳ್ಳುತ್ತಾರೆ ಎಂಬುದು ಒತ್ತಡದ ಪಾಠ. ಅದೇ ಭಾರ ಹೆಚ್ಚು ಜಾಗದ ಮೇಲೆ ಹರಡಿದರೆ ಒತ್ತಡ ಕಡಿಮೆ.

ಇವೆಲ್ಲ ಹೇಳಲು ಚೆನ್ನಾಗಿವೆ, ಸಿಲಬಸ್ ಮುಗಿಸುವುದು ಯಾವಾಗ ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮ ದೇಶದಲ್ಲಿಯೇ ಇದನ್ನು ಮಾಡಿ ತೋರಿಸಿದವರಿದ್ದಾರೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹಳ್ಳಿಯ ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗದ ಮೂಲಕ ವಿಜ್ಞಾನ ಕಲಿಸುವ ಕಾರ್ಯಕ್ರಮ ಆರಂಭವಾಯಿತು. ಆರರಿಂದ ಎಂಟನೆಯ ತರಗತಿಯ ಮಕ್ಕಳು ಗುಂಪಾಗಿ ಕುಳಿತು ತಾವೇ ಪ್ರಯೋಗ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅನುಮತಿ ಇತ್ತು, ಪ್ರಯೋಗ ಪರೀಕ್ಷೆಯೂ ಇತ್ತು. 2002ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಆದರೆ 30 ವರ್ಷ ಸಾಮಾನ್ಯ ಸರಕಾರಿ ಶಾಲೆಗಳಲ್ಲಿ ಅದು ನಡೆಯಿತು ಎಂಬುದನ್ನು ಮರೆಯಬಾರದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಬಾಯಿಪಾಠ ಬಿಟ್ಟು ಮಗುವಿನ ಅನುಭವದಿಂದ ಕಲಿಸಲು ಹೇಳಿತು. ನಮ್ಮ ಕಲಬುರಗಿಯಲ್ಲಿಯೇ 1984ರಿಂದ ವಿಜ್ಞಾನ ಕೇಂದ್ರವಿದೆ. ಮಕ್ಕಳನ್ನು ವರ್ಷಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯಲು ಕಷ್ಟವಿಲ್ಲ.

ನಾನು ಕೇಳುವುದು ಬಹಳವಿಲ್ಲ. ವಾರದ ವಿಜ್ಞಾನ ಪಿರಿಯಡ್‌ಗಳಲ್ಲಿ ಒಂದನ್ನು ಕೈಯಿಂದ ಮಾಡುವ ಕೆಲಸಕ್ಕೆ ಮೀಸಲಿಡಿರಿ. ಕೈಯಿಂದ ಮಾಡಿದ ಪಾಠವನ್ನು ಎರಡು ಸಲ ಬರೆಸಬೇಕಾಗುವುದಿಲ್ಲ, ಸಮಯ ಅಲ್ಲಿ ಉಳಿಯುತ್ತದೆ. ಆಡಳಿತ ಮಂಡಳಿಯವರು ಪ್ರತಿ ಶಾಲೆಗೆ ಒಂದು ಟ್ರಂಕು ಕೊಡಿಸಲಿ. ಅದರಲ್ಲಿ ತಕ್ಕಡಿ, ಅಳತೆಯ ಜಾಡಿಗಳು, ಥರ್ಮಾಮೀಟರ್, ಅಯಸ್ಕಾಂತ, ಟಾರ್ಚಿನ ಸೆಲ್, ವೈರು, ಬಲ್ಬು, ಕನ್ನಡಿ, ಭೂತಗನ್ನಡಿ ಇದ್ದರೆ ಸಾಕು. ಮನೆಯ ಕರೆಂಟಿನ ಪ್ಲಗ್ಗಿನಿಂದ ಯಾವ ಪ್ರಯೋಗವೂ ಬೇಡ. ಆ ಟ್ರಂಕಿಗೆ ಬೀಗ ಹಾಕಿ ಮುಖ್ಯಗುರುಗಳ ಕೋಣೆಯಲ್ಲಿ ಇಡಬಾರದು. ಗ್ಲಾಸು ಒಡೆದರೆ ಒಡೆಯಲಿ, ಅದರ ಖರ್ಚನ್ನು ಶಿಕ್ಷಕರ ಮೇಲೆ ಹಾಕಬೇಡಿರಿ.

ಗುಂಪು ಮಾಡುವಾಗ ಹುಡುಗರು ಪ್ರಯೋಗ ಮಾಡುವುದು, ಹುಡುಗಿಯರು ನೋಡಿ ಬರೆದುಕೊಳ್ಳುವುದು, ಹೀಗೆ ಆಗದಿರಲಿ. ತಕ್ಕಡಿ, ವೈರು ಅವರ ಕೈಗೂ ಬರಲಿ. ತಾಯಂದಿರಿಗೂ ಅಬ್ಬಾಜಾನರಿಗೂ ನನ್ನ ಕೋರಿಕೆ ಇಷ್ಟೇ. ಮಗಳು ಎಂಟನೆಯ ತರಗತಿ ಮುಗಿಸಿ, "ನಾನು ಸಾಯನ್ಸ್ ಓದುತ್ತೇನೆ" ಎಂದರೆ ಹೈಸ್ಕೂಲು ದೂರ ಎಂದು ಹೇಳಿ ಮನೆಯಲ್ಲಿ ಕೂಡಿಸಬೇಡಿರಿ. ನಾಲ್ಕು ಮನೆಯವರು ಸೇರಿ ಹೋಗಿಬರುವ ವ್ಯವಸ್ಥೆ ಮಾಡಿರಿ. ಮಗ ಮನೆಯಲ್ಲಿ ಸುಣ್ಣ, ನಿಂಬೆ ಹಿಡಿದು ಕುಳಿತರೆ ಬೈಯುವ ಮೊದಲು ಏನು ಮಾಡುತ್ತಿದ್ದೀಯಪ್ಪ ಎಂದು ಕೇಳಿರಿ.

ಈ ವರ್ಷ ಪ್ರತಿ ಶಾಲೆಯಲ್ಲಿ ಕನಿಷ್ಠ ಹತ್ತು ಪ್ರಯೋಗಗಳನ್ನು ಮಕ್ಕಳ ಕೈಯಿಂದ ಮಾಡಿಸುತ್ತೇವೆ ಎಂದು ಶಿಕ್ಷಕ ಬಂಧುಗಳು ಇಲ್ಲಿಯೇ ನಿರ್ಧರಿಸಲಿ. ಮುಂದಿನ ಸಭೆಯಲ್ಲಿ ಭಾಷಣದ ಬದಲು ಮಕ್ಕಳು ಬಂದು ತಮ್ಮ ಅಳತೆಯ ವಹಿಗಳನ್ನು ನಮಗೆ ತೋರಿಸಲಿ.